ಅಜ್ಜಿಯ ನಡಿಗೆ, ನನ್ನ ಮೊಣಕಾಲು

ಮೊದಲೇ ಹೇಳಿಬಿಡುತ್ತೇನೆ, ಎರಡು ಸಲವೂ ತಪ್ಪು ನನ್ನದೇ. ಮೊದಲ ಸಲ ಮೊಣಕಾಲು ಕೆಡಿಸಿಕೊಂಡದ್ದು ಬಾದಾಮಿಯ ಬಸ್ ನಿಲ್ದಾಣದಲ್ಲಿ, ಗೆಳೆಯರ ಮುಂದೆ ಕಂಡಕ್ಟರನ ನಕಲು ಮಾಡುತ್ತ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅವನು ಜಿಗಿದ, ನಾನೂ ಜಿಗಿದೆ. ಅವನು ನಿಂತ, ನಾನು ಬಿದ್ದೆ. ಎರಡನೆಯದು ಇನ್ನೂ ಘನಂದಾರಿ ಕೆಲಸ. ನನ್ನದೇ ಮೈಯ ತುಣುಕು ಬೆಳೆಸಿ ಡಾಕ್ಟರು ಸರಿಮಾಡಿದ್ದ ಮೊಣಕಾಲನ್ನು, ಅದು ಗಟ್ಟಿಯಾಗುವ ಮೊದಲೇ ನೆಲಕ್ಕೂರಿದೆ. ಅದೂ ನಮ್ಮಜ್ಜಿಯ ನಕಲು ಮಾಡಲಿಕ್ಕೆ.

ಬಾಗಲಕೋಟೆಯ ಡಾಕ್ಟರು ಸ್ಕ್ಯಾನು ನೋಡಿ ಹೇಳಿದ್ದರಲ್ಲಿ ತಿಳಿಯದ್ದೇನೂ ಇರಲಿಲ್ಲ. “ಎಲುಬಿನ ತುದೀಗೆ ನುಣ್ಣನ ಗಾದಿ ಇರತೈತಿ. ನಿಂದು ರೂಪಾಯಿ ಬಿಲ್ಲೆಯಷ್ಟು ಹರದ ಹೋಗೈತಿ. ಅದು ತಾನಾಗೇ ಬೆಳ್ಯಂಗಿಲ್ಲ. ಭಾರ ಬೀಳದ ಅಂಚಿನ್ಯಾಗಿಂದ ಒಂದ ಚೂರ ತಗೋತೇನಿ, ಲ್ಯಾಬಿನ್ಯಾಗ ಬೆಳಸ್ತಾರ, ಅದನ್ನ ತಂದು ಆ ತೂತ ತುಂಬತೇನಿ. ಆಮ್ಯಾಲ ಆರು ವಾರ ಆ ಕಾಲ ಊರಿದಿ ಅಂದ್ರ ಎಲ್ಲಾ ಕಿತ್ತ ಬರತೈತಿ, ನೋಡ.”

ಜೊತೆಗೆ ಬಂದಿದ್ದ ಅಜ್ಜಿ ತನ್ನ ಎರಡೂ ಕಾಲು ಮುಂದೆ ಚಾಚಿದಳು. “ನನಗೂ ಹಿಂಗ ಬೆಳಸಿ ಹಾಕ್ರಿ.”

“ಅಜ್ಜಿ, ಇವಂದು ಒಂದು ತೂತ. ನಿಮ್ಮದು ಗಾದೀನೇ ಸವದ ಹೋಗೈತಿ. ಇದು ನಿಮಗ ಉಪಯೋಗಕ್ಕ ಬರಂಗಿಲ್ಲ.”

ಅಜ್ಜಿ ಕಾಲು ಮಡಚಿಕೊಂಡಳು. ನಾನು ಮಾತ್ರ ನಮ್ಮೂರು ಇಳಕಲ್ಲು ಮುಟ್ಟುವವರೆಗೂ ಆ ಡಾಕ್ಟರ ದನಿಯಲ್ಲಿ “ಗಾದೀನೇ ಸವದೈತಿ” ಎಂದು ಅವಳನ್ನು ಕಾಡಿದೆ.

ಸಣ್ಣ ಆಪರೇಶನ್ ಮಾಡಿ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಅಲ್ಲಿಂದ ನನ್ನ ತಲೆ ಕೆಡಲು ಶುರುವಾಯಿತು, ನೋವಿಗಲ್ಲ, ಕೇಳುವವರ ಕಾಟಕ್ಕೆ. ಗುಡೂರಿನ ಮಾವ ದಿನಾ ಫೋನು ಮಾಡುವರು. “ಎಷ್ಟ ಬೆಳೀತಲೇ?” ಅದೇನು ಬದನೆ ಸಸಿಯೇ, ನಾನು ಗೇಣು ಹಿಡಿದು ಅಳೆಯಲಿಕ್ಕೆ? ನೋಡಿಯೂ ಇಲ್ಲ ಎಂದರೆ, “ನಿನ್ನದನ್ನ ನೀ ನೋಡಿಲ್ಲಂದ್ರ ಹೆಂಗ?” ಎಂದು ನನಗೇ ಬೈಯುವರು. ಮರುದಿನ ಹೊಸ ಬೇಡಿಕೆ. “ಒಂದೀಟ ಜಾಸ್ತಿ ಬೆಳಸಾಕ ಹೇಳ. ಉಳದದ್ದು ನನ್ನ ಮೊಣಕಾಲಿಗೆ ಆಗ್ತೈತಿ.” ಇದು ನನ್ನ ಮೈಯದು, ನನಗಷ್ಟೇ ಎಂದು ಆರು ಸಲ ತಾಳ್ಮೆಯಿಂದ ಹೇಳಿದೆ. ಏಳನೆಯ ಸಲ ಅವರದೇ ದನಿಯಲ್ಲಿ, ಅವರದೇ ಕೆಮ್ಮು ಸೇರಿಸಿ ಹೇಳಿದೆ. ಆಗ ಅವರಿಗೆ ಅರ್ಥವಾಯಿತು. ಸಿಟ್ಟೂ ಬಂತು.

ಕೆಲವು ವಾರಗಳ ಮೇಲೆ ದೊಡ್ಡ ಆಪರೇಶನ್ ಆಯಿತು. ವಾಕರ್ ಹಿಡಿದು ಒಂಟಿಗಾಲಿನಲ್ಲಿ ಮನೆಗೆ ಬಂದೆ. ಊರೆಲ್ಲ ನನ್ನ ನಕಲು ನೋಡಿದ ಜನ. ಒಬ್ಬರೂ ನಂಬಲೊಲ್ಲರು! ನಾಲ್ಕನೆಯ ವಾರ ಹುನಗುಂದದಿಂದ ಮೂವರು ಗೆಳೆಯರು ಕಲಾದಗಿಯ ಚಿಕ್ಕು ಹಣ್ಣು ಹಿಡಿದು ಬಂದರು.

“ನಾಟಕ ಸಾಕಲೇ, ಏಳ.”

“ಖರೇ ಐತಲೇ, ಊರಂಗಿಲ್ಲ.”

“ಹೋದ ವರ್ಷ ಕಾಲೇಜ ಗ್ಯಾದರಿಂಗಿನ್ಯಾಗ ಕೈಗೆ ಪಟ್ಟಿ ಕಟ್ಗೊಂಡು ಹಿಂಗ ಖರೇ ಅಂದಿದ್ದಿ.”

ಅದು ಸುಳ್ಳಾಗಿತ್ತು, ಒಪ್ಪಿಕೊಳ್ಳಬೇಕು. “ಆತ ಬಿಡ, ಅಜ್ಜಿ ನಡಿಗಿ ಒಂದ ಸಲ ಮಾಡ, ಹೋಗಿಬಿಡ್ತೇವಿ” ಎಂದರು.

ಅಜ್ಜಿಯ ನಡಿಗೆ ಸಾಲಿ ಕಲಿಯುವಾಗಿನಿಂದ ನನ್ನ ಹೆಸರುವಾಸಿ ಐಟಂ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಗೋಡೆಯ ಮೇಲೆ, ಹೆಜ್ಜೆಗೊಂದು “ಯಪ್ಪಾ”. ಬೇಡುವವರಿದ್ದರೆ ನನಗೆ ಬುದ್ಧಿ ನಿಲ್ಲುವುದಿಲ್ಲ. ವಾಕರ್ ಬಿಟ್ಟು ಎದ್ದೆ. ಮೂರು ಹೆಜ್ಜೆ ಹಗುರಾಗಿ ಹೋದವು. ನಾಲ್ಕನೆಯದಕ್ಕೆ ಮೊಣಕಾಲಿನೊಳಗೆ ಕಟಕ್ ಎಂದಿತು. ಆಗ ಬಂದ “ಯಪ್ಪಾ” ಅಜ್ಜಿಯದಲ್ಲ, ನನ್ನದು. ಅದಕ್ಕೇ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು.

ಬೆಳಗಾಗುವುದರಲ್ಲಿ ಮೊಣಕಾಲು ತೆಂಗಿನಕಾಯಿಯಷ್ಟು ಬಾತಿತ್ತು. ಮತ್ತೆ ಬಾಗಲಕೋಟೆ. ಬಚ್ಚಲಲ್ಲಿ ಜಾರಿದೆ ಎಂದೆ. ಪಕ್ಕದಲ್ಲಿದ್ದ ಅಜ್ಜಿ ಬಿಡಬೇಕಲ್ಲ. “ಜಾರಿಲ್ಲರಿ. ನನ್ನ ನಕಲ ಮಾಡಾಕ ಹೋಗಿ ಹಿಂಗ ಮಾಡ್ಕೊಂಡಾನ.” ಡಾಕ್ಟರು ನನ್ನ ಕಡೆ ನೋಡಲೂ ಇಲ್ಲ. ಸ್ಕ್ಯಾನು ಮಾಡಿಸಿ ಅಜ್ಜಿಗೇ ಹೇಳಿದರು. “ಪುಣ್ಯಾಕ್ಕ ತುಂಬಿದ ಚೂರ ಜಾಗಾ ಬಿಟ್ಟಿಲ್ಲ. ಆರು ವಾರ ಮತ್ತ ಒಂದರಿಂದ ಎಣಸ್ರಿ. ಇನ್ನೊಮ್ಮೆ ಊರಿದ್ರ ನನ್ನ ಕೈಯಾಗ ಏನೂ ಇಲ್ಲ.” ನಾಲ್ಕು ಹೆಜ್ಜೆಗೆ ನಾಲ್ಕು ವಾರ ಮಣ್ಣುಪಾಲಾಯಿತು.

ಮುಂದಿನ ರವಿವಾರ ಆ ಮೂವರು ಮತ್ತೆ ಬಂದರು, ಮತ್ತದೇ ಚಿಕ್ಕು. ಹತ್ತು ನಿಮಿಷ ಮುಖ ಸಪ್ಪಗೆ ಮಾಡಿಕೊಂಡು ಕೂತರು. ಹನ್ನೊಂದನೆಯ ನಿಮಿಷಕ್ಕೆ ಒಬ್ಬ, “ಕಾಲ ಊರಬ್ಯಾಡಲೇ. ಗ್ವಾಡಿ ಹಿಡ್ಕೊಂಡು ಎರಡ ಹೆಜ್ಜಿ ಅಷ್ಟ” ಎಂದ. ಬೈಯಬೇಕಿತ್ತು. ಬೈಯುವ ಬದಲು ನನ್ನ ಕೈ ಆಗಲೇ ಗೋಡೆ ಹುಡುಕುತ್ತಿತ್ತು.

ಅಡುಗೆಮನೆಯಿಂದ “ಯಪ್ಪಾ” ಎಂಬ ದನಿ ಕೇಳಿತು. ಅಜ್ಜಿ ಹೊರಗೆ ಬಂದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈ ಗೋಡೆಯ ಮೇಲೆ. ನಮ್ಮ ಮುಂದೆ ಬಾಗಿಲವರೆಗೆ ನಡೆದಳು, ತಿರುಗಿದಳು, ಅಷ್ಟೇ ನಿಧಾನವಾಗಿ ನಡೆದು ಬಂದು ನನ್ನ ಎದುರಿಗೆ ನಿಂತಳು. ನನ್ನನ್ನು ಬಿಟ್ಟು ಆ ಮೂವರ ಕಡೆ ಹೊರಳಿ ಅಂದಳು:

“ನೋಡ್ಕೊಳ್ರೆಪಾ, ಅಸಲ ಇನ್ನೂ ಮನ್ಯಾಗ ಐತಿ. ನಕಲ ಯಾಕ ಬೇಕ ನಿಮಗ?”