ಖಾಲಿ ಜಾಗವೆಂದು ಬಗೆದ ನಮ್ಮೂರ ಹಾಸುಬಂಡೆ

ಗೆಳೆಯರೇ, ಇವತ್ತು ನಮ್ಮೂರಿನ ಹಾಸುಬಂಡೆ ಸ್ವಲ್ಪದರಲ್ಲೇ ಬಚಾವಾಯಿತು. ಇರಕಲ್ಲಗಡದ ಹತ್ತಿರದ ನಮ್ಮ ಹಳ್ಳಿಗೆ ತಾಲೂಕಿನ ಅಭಿವೃದ್ಧಿ ಯೋಜನೆ ತಯಾರಿಸುವ ಸಾಹೇಬರು ಬಂದಿದ್ದರು. ಪಂಚಾಯಿತಿ ಕಟ್ಟೆಯ ಮೇಲೆ ನಕ್ಷೆ ಹರಡಿ, ಊರ ಪಕ್ಕದ ಬಂಡೆಯ ಮೇಲೆ ಬೆರಳಿಟ್ಟರು.

“ಈ ಜಾಗ ಖಾಲಿ ಐತಿ. ಬಂಡಿ ಒಡೆಸಿ, ಕಾಳು ಒಣಗಸಾಕ ಛಲೋ ಸಿಮೆಂಟ್ ಕಣ ಕಟ್ಟಸೋಣು.”

ಆ ಬಂಡೆಯ ಮೇಲೆ ಸಜ್ಜೆ, ಮೆಣಸಿನಕಾಯಿ, ಶಾವಿಗೆ ಒಣಗಿಸದ ಮನೆ ನಮ್ಮೂರಲ್ಲಿ ಒಂದೂ ಇಲ್ಲ. ಆದರೂ ಗಂಡಸರೆಲ್ಲ ತಲೆಯಾಡಿಸಿದರು. ಈಗ ಬೇಡವೆಂದರೆ ಮುಂದೆ ಸರ್ಕಾರ ಏನನ್ನೂ ಕೊಡಲಿಕ್ಕಿಲ್ಲ ಎಂಬ ಭಯ. ಹಿಂದೆ ಕುಳಿತಿದ್ದ ನಮ್ಮ ನೆರೆಮನೆಯ ಹುಲಿಗೆವ್ವ ಅತ್ತೆ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದಳು.

“ಖಾಲಿ ಎಲ್ಲೈತ್ರಿ ಸಾಹೇಬ್ರ? ಈಗರ ಅಲ್ಲಿ ಮೆಣಸಿನಕಾಯಿ ಹರವಿ ಬಂದೀನಿ. ಒಣಗಸೋ ಬಂಡಿ ಒಡದು, ಒಣಗಸಾಕ ಕಣ ಕಟ್ಟತೀರೇನ್ರಿ?”

ಸಾಹೇಬರು ಪೇಚಿಗೆ ಬಿದ್ದರು. “ಯವ್ವಾ, ಊರಿಗೊಂದು ಕಣ ತೋರಸಬೇಕಂತ ಮ್ಯಾಲಿನವರು ಹೇಳ್ಯಾರ. ನಿಮ್ಮೂರಿನ ಹೆಸರಿನ ಮುಂದ ನಾ ಏನು ಬರೀಲಿ?”

“ಐತಿ ಅಂತ ಬರೀರಿ. ನಮ್ಮ ಮುತ್ಯಾನ ಕಾಲದಿಂದ ಐತಿ, ಒಂದು ಬಿರುಕೂ ಬಿಟ್ಟಿಲ್ಲ. ನಂಬಿಕಿ ಇಲ್ಲಂದ್ರ ಬಂದು ಉಳ್ಳಾಡಿ ನೋಡ್ರಿ!”

ಸಭೆಗೆ ಸಭೆಯೇ ನಕ್ಕಿತು. ಸಾಹೇಬರೂ ನಕ್ಕು, ಸ್ವಲ್ಪ ಹೊತ್ತು ಯೋಚಿಸಿ ಬರೆದುಕೊಂಡರು: “ಕಣ ಲಭ್ಯವಿದೆ. ಸ್ಥಿತಿ ಉತ್ತಮ.”

ನಮ್ಮೂರಿನ ಬಗ್ಗೆ ಸರ್ಕಾರಿ ಕಾಗದದಲ್ಲಿ ‘ಸ್ಥಿತಿ ಉತ್ತಮ’ ಎಂದು ಬರೆದದ್ದು ಬಹಳ ಸಲ ನೋಡಿದ್ದೇನೆ. ಅದು ನಿಜವೂ ಆಗಿರುವುದು ಇದೇ ಮೊದಲು.