ಗುಮಾನಿ ಕೋನಪ್ಪನ ಲೈಸೆನ್ಸು

ಚಿಂತಾಮಣಿಯ ಮಂಡಿ ಬೀದಿಯಲ್ಲಿ ಕೋನಪ್ಪ ಎಂದರೆ ಯಾವ ಕೋನಪ್ಪ ಎಂದು ಕೇಳುತ್ತಿದ್ದರು. ಗುಮಾನಿ ಕೋನಪ್ಪ ಎಂದರೆ ಕೈ ಮಾಡಿ ತೋರಿಸುತ್ತಿದ್ದರು. ಅಂಬಾಜಿದುರ್ಗದ ಬುಡದ ಹಳ್ಳಿಯವನು, ವಯಸ್ಸು ಮೂವತ್ತೈದು, ಚೆನ್ನರಾಯಪ್ಪನವರ ಮಂಡಿ ಲಾರಿಯಲ್ಲಿ ಒಂಬತ್ತು ವರ್ಷದಿಂದ ಕ್ಲೀನರು. ಯಾರಾದರೂ ಸುಮ್ಮನೆ ನಕ್ಕರೆ ಯಾಕೆ ನಕ್ಕ ಎಂದು ಎರಡು ದಿನ ತಲೆ ಕೆಡಿಸಿಕೊಳ್ಳುವನು. ನೆಂಟರು ಊಟಕ್ಕೆ ಕರೆದರೆ ಏನೋ ಕೆಲಸ ಇಟ್ಟುಕೊಂಡೇ ಕರೆದಿದ್ದಾರೆ ಎನ್ನುವನು. ಹೆಂಡತಿ ವೆಂಕಟರತ್ನಮ್ಮ ತವರಿನಿಂದ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದರೆ ಅದಕ್ಕೂ ಅವನಲ್ಲಿ ಒಂದು ಪ್ರಶ್ನೆ ಇರುತ್ತಿತ್ತು. ಆದರೂ ಮನುಷ್ಯ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಕ್ರದ ನಟ್ಟು ಬಿಗಿ ಮಾಡಿದ ಮೇಲೂ ಇನ್ನೊಮ್ಮೆ ತಿರುಗಿಸಿ ನೋಡುವ ಅವನ ಬುದ್ಧಿಯಿಂದಾಗಿ ಆ ಲಾರಿ ದಾರಿಯಲ್ಲಿ ಕೈಕೊಟ್ಟಿದ್ದು ಬಹಳ ಕಡಿಮೆ.

ಐವತ್ತೆಂಟನೇ ಇಸವಿಯಲ್ಲಿ ಚೆನ್ನರಾಯಪ್ಪನವರು ಎರಡನೇ ಲಾರಿ ತರಿಸುವ ಮನಸ್ಸು ಮಾಡಿದರು. ಒಂದು ಬೆಳಗ್ಗೆ ಕೋನಪ್ಪನನ್ನು ಕರೆದು ಹೇಳಿದರು:

"ನೋಡಯ್ಯ, ಮುಂದಿನ ವರ್ಷದ ಯುಗಾದಿಯೊಳಗೆ ಡ್ರೈವರ್ ಲೈಸೆನ್ಸ್ ತಂದ್ರೆ ಹೊಸ ಗಾಡಿ ನಿಂದು. ಇಲ್ದಿದ್ರೆ ಮದನಪಲ್ಲಿಯಿಂದ ಯಾರನ್ನಾದ್ರೂ ಕರೆಸ್ಕೊಳ್ತೀನಿ."

ಯಜಮಾನರಿಗೆ ಇದ್ದಕ್ಕಿದ್ದಂತೆ ತನ್ನ ಮೇಲೆ ಇಷ್ಟು ಪ್ರೀತಿ ಯಾಕೆ ಎಂದು ಕೋನಪ್ಪ ಒಂದು ವಾರ ಅನುಮಾನಪಟ್ಟ. ಆಮೇಲೆ ಅರ್ಜಿ ಹಾಕಿ ಎಲ್ ಬೋರ್ಡಿನ ಚೀಟಿ ತಂದ. ಕ್ಲೀನರು ಡ್ರೈವರಾಗುವುದೆಂದರೆ ಸಣ್ಣ ಮಾತಲ್ಲ. ಗ್ರೀಸು, ಜಾಕು, ಬಕೆಟ್ಟುಗಳ ಬದುಕು ಮುಗಿದು, ಸ್ಟಿಯರಿಂಗ್ ಹಿಡಿದು ಕೂರುವ ಬದುಕು. ಅವನಿಗೆ ಅದು ಬೇಕಾಗಿತ್ತು, ತುಂಬಾ ಬೇಕಾಗಿತ್ತು.

ಕಲಿಸಿದವನು ಆ ಲಾರಿಯ ಡ್ರೈವರು ಬಯ್ಯಪ್ಪ. ಐವತ್ತರ ಹತ್ತಿರದವನು, ಮಾತು ಕಡಿಮೆ. ಮಾಲು ಇಳಿಸಿ ಖಾಲಿ ಬರುವಾಗ ಶಿಡ್ಲಘಟ್ಟದ ರಸ್ತೆಯಲ್ಲಿ ಕೋನಪ್ಪನನ್ನು ತನ್ನ ಜಾಗಕ್ಕೆ ಕೂರಿಸುತ್ತಿದ್ದ. "ಕ್ಲಚ್ಚು ಕಾಲಲ್ಲಿ ಅಲ್ಲ ಕಣೋ, ಕಿವೀಲಿ ಐತೆ. ಇಂಜಿನ್ ಏನ್ ಹೇಳ್ತೈತೆ ಕೇಳಿಸ್ಕೋ" ಎನ್ನುವನು. ಮೂರು ತಿಂಗಳಲ್ಲಿ ಕೋನಪ್ಪನ ಕೈ ಚೆನ್ನಾಗಿಯೇ ಕೂತಿತು. ಮಿಕ್ಕಿದ್ದು ಪರೀಕ್ಷೆ ಮಾತ್ರ.

ಆ ಪರೀಕ್ಷೆ ಎಂಬುದು ಸಿಕ್ಕರೆ ತಾನೇ ಕೊಡುವುದು? ಬ್ರೇಕ್ ಇನ್ಸ್‌ಪೆಕ್ಟರು ಪರೀಕ್ಷೆ ನಡೆಸಲು ಎರಡು ತಿಂಗಳಿಗೊಮ್ಮೆ ಊರ ಹೊರಗಿನ ಪ್ರವಾಸಿ ಬಂಗಲೆಗೆ ಬರುವರು. ಗಾಡಿ ನಾವೇ ತರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವ ಡ್ರೈವರು ಕೂತಿರಬೇಕು. ಮೊದಲ ಸಲ ಆಷಾಢದಲ್ಲಿ ಕೋನಪ್ಪ ಬೆಳಕು ಹರಿಯುವ ಮುಂಚೆ ಬಂಗಲೆಯ ಮುಂದೆ ಲಾರಿ ನಿಲ್ಲಿಸಿದರೆ, ಅಷ್ಟು ಹೊತ್ತಿಗೇ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆಯಿಂದ ಇಪ್ಪತ್ತಾರು ಜನ ಬಂದಿದ್ದರು. ಸಾಹೇಬರು ಬಂದದ್ದು ಹನ್ನೊಂದಕ್ಕೆ. ಊಟವಾಯಿತು, ಊಟದ ಮೇಲೆ ನಿದ್ದೆಯೂ ಆಯಿತು. ಹನ್ನೆರಡು ಜನರ ಪರೀಕ್ಷೆ ಮುಗಿಯುವಷ್ಟರಲ್ಲಿ ಬಿಸಿಲಿಳಿದು, ಮಿಕ್ಕವರು ಮುಂದಿನ ಸಲ ಬನ್ನಿ ಎಂದು ಗುಮಾಸ್ತ ಕೂಗಿ ಪುಸ್ತಕ ಮುಚ್ಚಿದ. ಶಿಡ್ಲಘಟ್ಟದವನೊಬ್ಬ ಹಿಂದೆ ಬಂದು ಮುಂದೆ ಹೋದನೆಂದು ಕೋನಪ್ಪ ದಾರಿಯುದ್ದಕ್ಕೂ ಗೊಣಗಿದ. ಬಯ್ಯಪ್ಪ ಅಂದು ಬೆಳಗ್ಗೆಯೆಲ್ಲ ಗುಮಾಸ್ತನ ಮೇಜಿನ ಪಕ್ಕ ನಿಂತು ನೋಡುತ್ತಿದ್ದವನು, ಮಧ್ಯಾಹ್ನದ ಮೇಲೆ ಲಾರಿಯೊಳಗೆ ಹೋಗಿ ಕೂತುಬಿಟ್ಟಿದ್ದ.

ಎರಡನೇ ಸಲ ಸಾಹೇಬರೇ ಬರಲಿಲ್ಲ. ವರ್ಗವಾಗಿದೆ ಎಂದರು ಒಬ್ಬರು, ಮಗಳ ಮದುವೆ ಎಂದರು ಇನ್ನೊಬ್ಬರು. ಮೂರನೇ ಸಲ ಕಾರ್ತೀಕದಲ್ಲಿ ಬೆಳಗ್ಗೆ ಲಾರಿ ಸ್ಟಾರ್ಟೇ ಆಗಲಿಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕೋನಪ್ಪನ ಭುಜ ಬಿದ್ದುಹೋಯಿತು. ಬಂಗಲೆಯ ಬಾಗಿಲು ಮುಚ್ಚಿದ ಮೇಲೆ ಸಂಜೆ ಬಯ್ಯಪ್ಪ ಮುಟ್ಟಿದರೆ ಒಂದೇ ಏಟಿಗೆ ಗುರ್ ಎಂದಿತು.

ಅಲ್ಲಿಗೆ ಕೋನಪ್ಪನ ಗುಮಾನಿಗೆ ಒಂದು ವಿಳಾಸ ಸಿಕ್ಕಿತು. ಹೊಸ ಗಾಡಿ ತನಗೆ ಬಂದರೆ ಬಯ್ಯಪ್ಪನಿಗೆ ಹಳೆಯದೇ ಗತಿ. ಕಲಿಸಿದ ಕೈಯೇ ಕಾಲೆಳೆಯುತ್ತಿದೆ. ಮನೆಯಲ್ಲಿ ಹೇಳಿದರೆ ವೆಂಕಟರತ್ನಮ್ಮ, "ಆ ದೇವರಂಥ ಮನುಷ್ಯನ ಮೇಲೂ ಅನುಮಾನವಾ? ಬಸ್ ಡ್ರೈವರ್ ಲಕ್ಷ್ಮಯ್ಯನ್ನ ಕರ್ಕೊಂಡು ಹೋಗಬಾರದಾ?" ಎಂದಳು. ಲಕ್ಷ್ಮಯ್ಯನಿಗೆ ಒಬ್ಬ ಭಾಮೈದ ಇದ್ದಾನೆ, ಹೊಸ ಲಾರಿಗೆ ಅವನನ್ನೇ ತುರುಕುತ್ತಾನೆ ಎಂದು ಕೋನಪ್ಪ ಆ ಬಾಗಿಲನ್ನೂ ಮುಚ್ಚಿದ.

ಸಂಕ್ರಾಂತಿ ಕಳೆದು ನಾಲ್ಕನೇ ಸಲದ ದಿನ ಬಂತು. ಅಂದು ಬೆಳಗ್ಗೆ ಕೋನಪ್ಪ ಮಂಡಿಯ ಹಿಂದೆ ಮೂಟೆಗಳ ಸಂದಿಯಲ್ಲಿ ಕೂತು ಕಾದ. ಬಯ್ಯಪ್ಪ ಬಂದ, ಆಚೆ ಈಚೆ ನೋಡಿದ, ಬಾನೆಟ್ ಎತ್ತಿದ. ಇಂಜಿನ್ನಿಗೆ ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ಹೆಬ್ಬೆರಳಷ್ಟು ತುಂಡೊಂದನ್ನು ಜೇಬಿಗೆ ಹಾಕಿಕೊಂಡ. ಅದಿಲ್ಲದಿದ್ದರೆ ಊರೆಲ್ಲ ಬಂದು ತಳ್ಳಿದರೂ ಲಾರಿ ಕೆಮ್ಮುವುದಿಲ್ಲ.

ಕೋನಪ್ಪ ಎದ್ದು ಬಂದು ಅವನ ಕೈ ಹಿಡಿದ. "ತೆಗಿ ಬಯ್ಯಣ್ಣ ಜೇಬಿಂದ. ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಒಂಬತ್ತು ವರ್ಷ ಒಟ್ಟಿಗೆ ಉಂಡೆಯಾ?"

ಬಯ್ಯಪ್ಪ ತುಂಡನ್ನು ಕೊಟ್ಟ. ಆಮೇಲೆ ಇನ್ನೊಂದು ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ತನ್ನ ಲೈಸೆನ್ಸ್ ತೆಗೆದು ಅದನ್ನೂ ಕೊಟ್ಟ. ಬಣ್ಣ ಮಾಸಿದ ಫೋಟೋದಲ್ಲಿ ಮೀಸೆ ಅವನದೇ, ಮೂಗೂ ಅವನದೇ. ಕೆಳಗಿನ ಹೆಸರು ಮಾತ್ರ ನಲ್ಲಪ್ಪ.

"ನಮ್ಮಣ್ಣ ಕಣೋ. ಕೋಲಾರದ ಕಡೆ ಲಾರಿ ಓಡಿಸ್ತಿದ್ದ" ಎಂದ ಬಯ್ಯಪ್ಪ. "ನಾನೂ ಪರೀಕ್ಷೆಗೆ ಅಂತ ಒಂದು ವರ್ಷ ಹತ್ತು ತಿಂಗಳು ಬಂಗಲೆ ಮುಂದೆ ನಿಂತಿದ್ದೆ. ನನ್ನ ಹೆಸರು ಕೂಗಲೇ ಇಲ್ಲ. ಅಷ್ಟರಲ್ಲಿ ಅಣ್ಣ ಜ್ವರ ಬಂದು ಹೋದ. ಅತ್ತಿಗೆ, ಮೂರು ಮಕ್ಕಳು, ಮನೇಲಿ ಒಲೆ ಹಚ್ಚೋಕೆ ಏನೂ ಇಲ್ಲ. ಇಲ್ಲಿಗೆ ಬಂದಾಗ ಯಜಮಾನ್ರು ಲೈಸೆನ್ಸ್ ಐತಾ ಅಂದ್ರು. ಐತೆ ಅಂದೆ. ಅವರು ಫೋಟೋ ನೋಡಿದ್ರು, ಹೆಸರು ಓದಲಿಲ್ಲ. ಪೊಲೀಸ್ನೋರೂ ಅಷ್ಟೇ. ಹದಿಮೂರು ವರ್ಷ ಆಯ್ತು."

"ಅದಕ್ಕೂ ನನ್ನ ಪರೀಕ್ಷೆಗೂ ಏನಣ್ಣ?"

"ಆವತ್ತು ನೋಡಿದೆನಲ್ಲ. ಪಕ್ಕ ಕೂರೋ ಡ್ರೈವರ್ ಲೈಸೆನ್ಸ್ ಈಸ್ಕೊಂಡು ಗುಮಾಸ್ತ ಹೆಸರನ್ನ ಜೋರಾಗಿ ಓದ್ತಾನೆ. ಚಿಂತಾಮಣಿ ಡ್ರೈವರ್‌ಗಳೆಲ್ಲ ಅಲ್ಲೇ ಇರ್ತಾರೆ. ನಲ್ಲಪ್ಪ ಅಂತ ಕೂಗಿದಾಗ ಬಯ್ಯಪ್ಪ ಎದ್ದು ಹೋದ್ರೆ?"

ಆ ದಿನದ ಪರೀಕ್ಷೆಯೂ ಹೋಯಿತು. ಯುಗಾದಿಗೆ ಮುಂಚೆ ಉಳಿದದ್ದು ಒಂದೇ.

ಈಗ ಕೋನಪ್ಪನ ಕೈಯಲ್ಲಿ ಒಬ್ಬ ಮನುಷ್ಯನ ಜುಟ್ಟು ಇತ್ತು. ಯಜಮಾನರ ಕಿವಿಗೆ ಒಂದು ಮಾತು ಹಾಕಿದರೆ ಬಯ್ಯಪ್ಪ ಬೀದಿಗೆ ಬೀಳುತ್ತಾನೆ, ಸತ್ಯ ಹೇಳಿದ ಹೆಸರು ತನಗೆ ಬರುತ್ತದೆ, ಯುಗಾದಿಯ ಗಡುವೂ ಮುಂದೆ ಹೋಗುತ್ತದೆ. ಮೂರು ದಿನ ಅವನು ಮಂಡಿಯ ಬಾಗಿಲ ತನಕ ಹೋಗಿ ಹೋಗಿ ವಾಪಸು ಬಂದ. ತಾನು ಹೇಳಹೊರಟಿರುವುದು ಸತ್ಯಕ್ಕಾಗಿಯೋ, ಲಾರಿಗಾಗಿಯೋ? ಜಗತ್ತನ್ನೆಲ್ಲ ಅನುಮಾನಿಸಿದ್ದವನು ಮೊದಲ ಬಾರಿಗೆ ತನ್ನನ್ನೇ ಅನುಮಾನಿಸಿದ. ಉತ್ತರ ಸಿಕ್ಕಾಗ ನಾಚಿಕೆಯಾಯಿತು. ನಾಲ್ಕನೆಯ ದಿನ ಮರ್ಯಾದೆಯಾಗಿ ಲಕ್ಷ್ಮಯ್ಯನ ಮನೆಗೆ ಹೋಗಿ, ಅಣ್ಣ, ಒಂದು ದಿನ ನನ್ನ ಪಕ್ಕ ಕೂರ್ತೀಯಾ ಎಂದು ಕೇಳಿದ. "ಏಂ ಕೋನಪ್ಪಾ, ಇಷ್ಟು ದಿನ ಯಾಕೆ ಕೇಳಲಿಲ್ಲ?" ಎಂದ ಲಕ್ಷ್ಮಯ್ಯ. ಭಾಮೈದನ ಸುದ್ದಿಯನ್ನೇ ಎತ್ತಲಿಲ್ಲ.

ಯುಗಾದಿಗೆ ಹತ್ತು ದಿನ ಇರುವಾಗ ಕೋನಪ್ಪ ಪಾಸಾದ. ಹೊಸ ಲಾರಿ ಅವನದಾಯಿತು.

ಕೈಗೆ ಲೈಸೆನ್ಸ್ ಬಂದ ದಿನವೇ ಅವನು ಬಯ್ಯಪ್ಪನ ಮನೆಗೆ ಹೋದ. "ಗೌರಿಬಿದನೂರಲ್ಲಿ ನಿನ್ನ ಗುರುತು ಯಾರಿಗೂ ಇಲ್ಲ. ಅಲ್ಲಿ ನಿನ್ನ ಸ್ವಂತ ಹೆಸರಲ್ಲಿ ಎಲ್ ಬೋರ್ಡ್ ಹಾಕ್ಕೋ. ಪಕ್ಕ ನಾನು ಕೂರ್ತೀನಿ" ಎಂದ. ಬಯ್ಯಪ್ಪ ಹೂಂ ಎಂದ. ಅಲ್ಲೂ ಎರಡು ಸಲ ಸರದಿ ಬರಲಿಲ್ಲ. ಮೂರನೇ ಸಲ, ದಸರಾ ಮುಗಿದ ವಾರ, ಗುಮಾಸ್ತ ಬಯ್ಯಪ್ಪ ಎಂದು ಕೂಗಿದ.

ದಾರಿಯಲ್ಲಿ ಕೋನಪ್ಪ ನೂರು ಸಲ ಹೇಳಿದ್ದ, ಸ್ವಲ್ಪ ಕೆಟ್ಟದಾಗಿ ಓಡಿಸಣ್ಣ, ಒಂದು ಸಲ ಇಂಜಿನ್ ಆಫ್ ಮಾಡು, ಗೇರು ಕಿರ್ ಅನ್ನಿಸು ಎಂದು. ಆ ಕೈಗೆ ಕೆಟ್ಟದಾಗಿ ಓಡಿಸುವುದೇ ಬರಲಿಲ್ಲ. ಏರಿನಲ್ಲಿ ನಿಲ್ಲಿಸಿ ಎತ್ತಿದ, ಲಾರಿ ಒಂದು ಗೇಣೂ ಹಿಂದೆ ಜಾರಲಿಲ್ಲ. ಬಂಗಲೆಯ ಅಂಗಳದಲ್ಲಿ ಸುಣ್ಣ ಬಳಿದ ಎರಡು ಸಾಲು ಕಲ್ಲುಗಳ ನಡುವೆ ರಿವರ್ಸ್ ತೆಗೆದ, ಮೊಸರಿನಲ್ಲಿ ಕೈ ಅದ್ದಿದಷ್ಟು ನಯವಾಗಿ. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಬಯ್ಯಪ್ಪನನ್ನು ನೋಡಿದರು, ಹಾಕಿಕೊಂಡು ಕೋನಪ್ಪನನ್ನು ನೋಡಿದರು.

"ಇವನಿಗೆ ಯಾರಯ್ಯ ಕಲಿಸಿದ್ದು?"

"ನಾನೇ ಸ್ವಾಮಿ."

"ನಿನ್ನ ಲೈಸೆನ್ಸಿಗೇ ಇನ್ನೂ ವರ್ಷ ತುಂಬಿಲ್ಲ. ಸುಳ್ಳು ಅಂತ ಗೊತ್ತಾದ್ರೆ ಅದನ್ನೂ ಹರಿದು ಹಾಕ್ತೀನಿ. ಕೂತ್ಕೋ ಸ್ಟಿಯರಿಂಗ್ ಹಿಂದೆ. ಇವನು ತೆಗೆದ ಹಾಗೇ ನೀನೂ ತೆಗಿ. ಇವನೇ ಹಿಂದೆ ನಿಂತು ಹೇಳಲಿ."

ಅನುಮಾನದ ಕಣ್ಣು ಎದುರಿನಿಂದ ನೋಡಿದರೆ ಹೇಗಿರುತ್ತದೆಂದು ಕೋನಪ್ಪನಿಗೆ ಅಂದು ತಿಳಿಯಿತು. ಹತ್ತಿ ಕೂತ. ಕಲ್ಲಿನ ಸಾಲುಗಳ ನಡುವೆ ಲಾರಿಯ ಅಗಲಕ್ಕಿಂತ ಒಂದು ಮೊಳ ಮಾತ್ರ ಹೆಚ್ಚು. ಯಾರು ಹಿಂದೆ ನಿಂತು ಎಷ್ಟು ಬರಲಿ ಬರಲಿ ಎಂದರೂ ತಾನೇ ಇಳಿದು ನೋಡಿ ಹತ್ತುವುದು ಅವನ ಪದ್ಧತಿ. ಇಳಿದರೆ ಇನ್ಸ್‌ಪೆಕ್ಟರು ನಗುತ್ತಾರೆ, ಕತ್ತು ಹೊರಗೆ ಚಾಚಿದರೆ ಕೈ ತಪ್ಪುತ್ತದೆ.

ಹಿಂದಿನಿಂದ ಬಯ್ಯಪ್ಪ ಲಾರಿಯ ಮೈ ತಟ್ಟಿದ. "ಬರ್ಲಿ... ಬರ್ಲಿ... ಚೂರು ಎಡಕ್ಕೆ... ಬರ್ಲಿ ಕಣಪ್ಪ."

ಕೋನಪ್ಪ ಕ್ಲಚ್ಚು ಬಿಟ್ಟ. ಕಣ್ಣೆದುರಿಗೆ ಬಂಗಲೆಯ ಗೋಡೆ, ಕಿವಿಯಲ್ಲಿ ಆ ದನಿ. ಬರ್ಲಿ ಎಂದಷ್ಟು ಬಂದ, ಎಡಕ್ಕೆಂದಷ್ಟು ತಿರುಗಿಸಿದ, ಸಾಕು ಎಂದಾಗ ನಿಲ್ಲಿಸಿದ.

ಇನ್ಸ್‌ಪೆಕ್ಟರು ಕಲ್ಲುಗಳ ಸಾಲಿನುದ್ದಕ್ಕೂ ನಡೆದು ನೋಡಿದರು. ಒಂದು ಕಲ್ಲೂ ಅಲುಗಿರಲಿಲ್ಲ. "ಯಾರಿಗೆ ಯಾರು ಕಲಿಸಿದ್ರೋ, ನಂಗೇನು" ಎಂದು ಬಯ್ಯಪ್ಪನ ಕಾಗದಕ್ಕೆ ಸಹಿ ಹಾಕಿದರು.

ಬಯ್ಯಪ್ಪ ಬಂದು ಬಾಗಿಲು ತೆಗೆದರೂ ಕೋನಪ್ಪ ಇಳಿಯಲಿಲ್ಲ. ಸ್ಟಿಯರಿಂಗ್ ಹಿಡಿದೇ ಅಳುತ್ತಿದ್ದ. ಮೂವತ್ತಾರು ವರ್ಷದಲ್ಲಿ ಮೊದಲ ಸಲ, ಹಿಂದೆ ತಿರುಗಿ ನೋಡದೆ ಅವನು ಇನ್ನೊಬ್ಬನ ಮಾತಿನ ಮೇಲೆ ಗಾಡಿ ತೆಗೆದಿದ್ದ.