ಮುಚ್ಚಿದ ಅಂಗಡಿಯ ಬೆಲೆಗಳು

ಆ ಮೂರು ತಿಂಗಳ ಬೆಲೆಗಳನ್ನು ನಾನು ಮನೆಯಲ್ಲೇ ಕೂತು ಬರೆದೆ. ತೂಬಗೆರೆಗೆ ಹೋಗಲೇ ಇಲ್ಲ. ರತ್ನಮ್ಮನವರ ಅಂಗಡಿಯ ತೊಗರಿಬೇಳೆ, ಅಕ್ಕಿ, ಸಾಬೂನು, ಬಿಸ್ಕತ್ತು — ಎಲ್ಲಕ್ಕೂ ಹಿಂದಿನ ತಿಂಗಳ ಬೆಲೆಯ ಮೇಲೆ ಅಷ್ಟಿಷ್ಟು ಏರಿಸಿ, ನಿಜವೆಂದು ಕಾಣುವ ಹಾಗೆ ಬರೆದು ಕಳಿಸಿದೆ. ಎಂಟು ವರ್ಷವಾಯಿತು. ಹೋದ ವಾರದವರೆಗೆ ಯಾರಿಗೂ ಹೇಳಿರಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎಲ್ಲರದೂ ಮಗ್ಗದ ಕೆಲಸ. ನಾನೊಬ್ಬಳು ಬೆಲೆ ಸಂಗ್ರಹಿಸುವ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ದೇಶದಲ್ಲಿ ಬೆಲೆ ಎಷ್ಟು ಏರಿತೆಂದು ಪ್ರತಿ ತಿಂಗಳು ಟಿವಿಯಲ್ಲಿ ಹೇಳುತ್ತಾರಲ್ಲ — ಅದರ ಬುಡದಲ್ಲಿರುವುದು ನನ್ನಂಥವರು ತುಂಬಿದ ಹಾಳೆಗಳು. ಸಾಮಾನ್ಯ ಮನೆಗಳು ಕೊಳ್ಳುವ ಸಾಮಾನುಗಳ ಒಂದು ಪಟ್ಟಿ. ಯಾವುದಕ್ಕೆ ಮನೆಯ ಖರ್ಚು ಹೆಚ್ಚೋ ಅದಕ್ಕೆ ಲೆಕ್ಕದಲ್ಲೂ ಹೆಚ್ಚು ತೂಕ. ಅದೇ ಅಂಗಡಿಯಲ್ಲಿ, ಅದೇ ಸಾಮಾನನ್ನು, ಅದೇ ಗುಣಮಟ್ಟದ್ದನ್ನು ತಿಂಗಳು ತಿಂಗಳು ಕೇಳಬೇಕು. ಆಗ ಮಾತ್ರ ಬದಲಾದದ್ದು ಬೆಲೆಯೇ ಎಂದು ಗೊತ್ತಾಗುವುದು.

ಇದನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ರತ್ನಮ್ಮ. ಮೊದಲ ಸಲ ಹೋದಾಗ ತೆರಿಗೆಯವಳೆಂದು ಮುಖ ಗಂಟಿಕ್ಕಿದ್ದರು. ವಿಷಯ ತಿಳಿದ ಮೇಲೆ ನನಗೊಂದು ಸ್ಟೂಲು, ಬೇಯಿಸಿದ ಕಡಲೆಕಾಯಿ, ತಲೆ ಯಾಕೆ ಹೀಗೆ ಕೆದರಿದೆಯೆಂಬ ಬೈಗುಳ. ಒಮ್ಮೆ ಬಿಸ್ಕತ್ತಿನ ಬೆಲೆ ಬದಲಾಗಿಲ್ಲವೆಂದು ನಾನು ಬರೆದುಕೊಳ್ಳುತ್ತಿದ್ದಾಗ ಪೊಟ್ಟಣ ತಿರುಗಿಸಿ ತೋರಿಸಿದರು.

"ರೇಟು ಅದೇ ಕಣಮ್ಮ, ತೂಕ ಕಮ್ಮಿ ಮಾಡವ್ರೆ. ಅದ್ನೂ ಬರ್ಕೊ."

ತರಬೇತಿಯಲ್ಲಿ ಕಲಿಸಿದ್ದನ್ನು ನಾನು ಮರೆತಿದ್ದೆ. ಅವರು ಯಾರಿಂದಲೂ ಕಲಿತಿರಲಿಲ್ಲ.

ಅಂಥವರ ಅಂಗಡಿಗೆ — ಯಾಕೆ ಹೋಗಲಿಲ್ಲ? ಮೊದಲ ತಿಂಗಳು ತಂಗಿಯ ನಿಶ್ಚಿತಾರ್ಥವಿತ್ತು. ಬರೆದು ಕಳಿಸಿದ್ದನ್ನು ಯಾರೂ ಪ್ರಶ್ನಿಸಲಿಲ್ಲ. ಮುಂದಿನ ಎರಡು ತಿಂಗಳಿಗೆ ಕಾರಣವೇ ಇರಲಿಲ್ಲ. ಬಿಸಿಲಿತ್ತು, ಅಷ್ಟೆ.

ನಾಲ್ಕನೆಯ ತಿಂಗಳು ಹೋದೆ. ರತ್ನಮ್ಮ ಊರುಗೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತಂತೆ. ಮೂರು ತಿಂಗಳು ಅಂಗಡಿ ಮುಚ್ಚಿತ್ತು. ಬಾಗಿಲು ತೆಗೆದು ಎರಡು ದಿನವಾಗಿತ್ತು.

ನಾನು — ಮುಚ್ಚಿದ ಅಂಗಡಿಯ ಬೆಲೆಗಳನ್ನು ಕಳಿಸಿದ್ದೆ.

ಅವರು ಗಲ್ಲಾಪೆಟ್ಟಿಗೆಯಿಂದ ಮೂರು ಚೀಟಿ ತೆಗೆದು ನನ್ನ ಕೈಗಿಟ್ಟರು. ತಿಂಗಳಿಗೊಂದು. ನನ್ನ ಪಟ್ಟಿಯ ಸಾಮಾನುಗಳೆಲ್ಲ ಬೆಲೆ ಸಮೇತ ಸಾಲಾಗಿದ್ದವು. ಮಲಗಿದಲ್ಲಿಂದಲೇ ನಾದಿನಿ ಜಯಮ್ಮನನ್ನು ಎದುರಿನ ಅಂಗಡಿಗೆ ಕಳಿಸಿ ಬರೆಸಿದ್ದರು. ಆ ಅಂಗಡಿಯವರಿಗೂ ಇವರಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಜಯಮ್ಮ ಅಳುತ್ತಲೇ ಹೋಗಿದ್ದರಂತೆ.

"ಬಾಗ್ಲು ನೋಡ್ಕೊಂಡು ವಾಪಸ್ ಹೋಗಿರ್ತೀಯ ಅಂತ ಒಂದೇ ಸಂಕಟ ನಂಗೆ," ಎಂದರು.

ಆಗ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ — "ಹಿಂದಿನ ಬೀದಿ ಅಂಗಡೀಲಿ ರೇಟು ತಗೊಂಡೆ ಅಕ್ಕ."

"ಸದ್ಯ, ಲೆಕ್ಕ ತಪ್ಪಲಿಲ್ಲ," ಎಂದು ಅವರು ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಚೀಟಿಗಳನ್ನು ಓದಿದೆ. ನಾನು ಏರಿಸಿ ಬರೆದಿದ್ದ ತೊಗರಿಬೇಳೆ ಮೂರೂ ತಿಂಗಳು ಇಳಿದಿತ್ತು. ಮೇಲಿನವರಿಗೆ ತಿಳಿಸಿದ್ದರೆ ತಿದ್ದಲು ದಾರಿಯಿತ್ತೋ ಏನೋ. ಕೆಲಸ ಹೋದೀತೆಂದು ಹೆದರಿ ಸುಮ್ಮನಾದೆ. ಇಡೀ ದೇಶದ ಸರಾಸರಿಯಲ್ಲಿ ಒಂದು ಹಳ್ಳಿಯ ಬೇಳೆ ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಸರಾಸರಿಯಲ್ಲಿ ಇರುವುದೆಲ್ಲ ಯಾವುದೋ ಒಂದು ಊರಿನ ಬೇಳೆಯೇ ಅಲ್ಲವೇ...

ಆ ಕೆಲಸ ಬಿಟ್ಟು ಬಹಳ ಕಾಲವಾಗಿದೆ. ಹೋದ ವಾರ ತೂಬಗೆರೆಗೆ ಹೋಗಿ, ರತ್ನಮ್ಮನವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ — ಈಗ ಸರಿ ಮಾಡಕ್ಕಾಗಲ್ವಾ? ಆಗದೆಂದೆ. ಆಮೇಲೆ ಒಳಗೆ ಕರೆದು ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಸಂಕೋಚದಿಂದ ನನ್ನ ಕೈ ಮುಂದಾಗಲಿಲ್ಲ, ಬೈದು ಉಣ್ಣಿಸಿದರು.

ಹೊರಡುವಾಗ ಹೇಳಿದರು: "ನಂದು ಬಿಡು. ಆ ಅಂಗಡಿ ಮೆಟ್ಲು ಹತ್ತಿದೋಳು ಜಯಮ್ಮ. ಅವ್ಳಿಗೆ ನೀನೇ ಹೇಳ್ಬೇಕು, ನಾನು ಹೇಳಲ್ಲ."

ಜಯಮ್ಮ ಈಗ ಹೊಸಕೋಟೆಯಲ್ಲಿ, ಮಗಳ ಮನೆಯಲ್ಲಿದ್ದಾರೆ. ನನ್ನ ಮುಖವೂ ಅವರಿಗೆ ನೆನಪಿರಲಿಕ್ಕಿಲ್ಲ. ಈ ಭಾನುವಾರ ಹೋಗುತ್ತೇನೆ.